ಫ್ಲೆಕ್ಸಿನ ಹಿಂದಿನ ಗೋಡೆ

“ಇಲ್ರಿ” ಎಂದುಬಿಟ್ಟಿದ್ದ ಅರ್ಜುನ. ಡಾಕ್ಟರು ಕೇಳಿದ್ದು ತೀರ ಸಾದಾ ಪ್ರಶ್ನೆ. ತಂಗಿಯ ಕೂಸಿನ ಎದೆಯ ಮೇಲಿಂದ ಸ್ಟೆತಸ್ಕೋಪು ಎತ್ತಿ ಕೊರಳಿಗೆ ಜೋತುಹಾಕಿಕೊಳ್ಳುತ್ತ, ಚಹಾ ಆಯಿತೇ ಎಂದು ಕೇಳುವ ದನಿಯಲ್ಲೇ, “ಬಾಣಂತಿ ಖೋಲಿ ಗ್ವಾಡಿ ಹಸಿ ಅದಾವೇನ್ರಿ? ಬೂಷ್ಟ ಗೀಷ್ಟ ಹಿಡದೈತೇನು?” ಎಂದಿದ್ದರು. ಬಾಣಂತಿ ಸಪ್ನಾ ಆಸ್ಪತ್ರೆಯ ಮಂಚದ ಮೇಲೆ ತಲೆ ಬಗ್ಗಿಸಿ ಕೂತಿದ್ದಳು. ಅವಳ ಗಂಡ ಲಖನ ಮೂಡಲಗಿಯಿಂದ ಮೋಟಾರ್ ಸೈಕಲ್ಲಿನ ಮೇಲೆ ಆಗಷ್ಟೇ ಬಂದವನು, ಹೆಲ್ಮೆಟ್ಟು ಇಡಲು ಜಾಗ ಕಾಣದೆ ಅದನ್ನು ಎದೆಗೊತ್ತಿ ಹಿಡಿದು ನಿಂತಿದ್ದ. ಅವನ ಹಿಂದೆ ಅವನ ತಾಯಿ ಕರೆವ್ವ. ಮನೆ ಅರ್ಜುನನದು, ಉತ್ತರ ಹೇಳಬೇಕಾದವನೂ ಅವನೇ. ಉಗುಳು ನುಂಗುವಷ್ಟು ಹೊತ್ತೂ ತೆಗೆದುಕೊಳ್ಳದೆ ಇಲ್ರಿ ಎಂದ. ಅಷ್ಟಕ್ಕೆ ಬಿಡಬಹುದಿತ್ತು. “ಮನಿ ಸ್ವಚ್ಛ ಐತ್ರಿ” ಎಂದೂ ಸೇರಿಸಿದ. ಡಾಕ್ಟರು “ಹಂಗಾದ್ರ ಛಲೋ ಆತು. ನಾಳೆ ಸಂಜಿಕ ಇನ್ನೊಮ್ಮೆ ನೋಡಿ ಮನಿಗೆ ಕಳಸೂಣು” ಎಂದು ಮುಂದಿನ ಮಂಚಕ್ಕೆ ನಡೆದರು.

ಮರುದಿನ ಬೆಳಗ್ಗೆ ಗೋಕಾಕದಿಂದ ಹುಕ್ಕೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗಲೂ ಆ ಮಾತು ಅವನ ಬಾಯಲ್ಲೇ ಇತ್ತು, ಹಲ್ಲುಜ್ಜಿದರೂ ಹೋಗಿರಲಿಲ್ಲ. ಲಖನ, ಕರೆವ್ವ ಅಲ್ಲಿ ಇಲ್ಲದೇ ಹೋಗಿದ್ದರೆ ಖರೆ ಹೇಳುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಹೇಳುತ್ತಿದ್ದೆ ಅನ್ನಿಸುತ್ತಿತ್ತು. ಮತ್ತೆ, ಇಲ್ಲ, ಡಾಕ್ಟರೊಬ್ಬರೇ ಇದ್ದರೂ ನಾಲಿಗೆ ಹಾಗೆಯೇ ಹೊರಳುತ್ತಿತ್ತು ಅನ್ನಿಸುತ್ತಿತ್ತು. ಕಣ್ಣು ಮುಚ್ಚಿದರೆ ಕೂಸು ಕಾಣುತ್ತಿತ್ತು. ಇನ್ನೂ ಹೆಸರಿಡದ ಹೆಣ್ಣು ಕೂಸು. ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗೆ ಕುಳಿ ಬೀಳುತ್ತಿತ್ತು, ಎದೆಯೊಳಗೆ ಏನೋ ಸಿಳ್ಳೆ ಹಾಕುತ್ತಿತ್ತು, ಮೊಲೆ ಹಿಡಿದರೆ ಎರಡು ಗುಟುಕಿಗೇ ಬಿಟ್ಟು ಗಾಳಿಗಾಗಿ ಬಾಯಿ ತೆರೆಯುತ್ತಿತ್ತು. ಆಸ್ಪತ್ರೆಯಲ್ಲಿ ಮುಖಕ್ಕೆ ಹೊಗೆಯಂಥ ಔಷಧ ಹಿಡಿದ ಮೇಲೆ ಅದರ ಉಸಿರು ಸ್ವಲ್ಪ ತಿಳಿಯಾಗಿತ್ತು. ಸಂಜೆ ಮನೆಗೆ ಕಳಿಸಿದರೆ ಮತ್ತೆ ಅದೇ ಖೋಲಿ, ಅದೇ ಮಂಚ, ಅದೇ ಗೋಡೆ. ಇಂಥ ಹೊತ್ತಿನಲ್ಲಿ ತಾನು ಮಾಸ್ತರನಾಗಿದ್ದ ಸಾಲಿಗೆ ಹೊರಟವನನ್ನು ಹೆಂಡತಿ ಆಮ್ರಪಾಲಿ ಹೊಸಿಲಲ್ಲಿ ನಿಂತು ನೋಡಿದ್ದಳು. ಅಂಕಲಗಿಯ ಅಂಗನವಾಡಿಗೆ ಹೊರಟಿದ್ದ ಅವಳು ತನ್ನ ಚೀಲದ ಜಿಪ್ಪು ಎಳೆದುಕೊಂಡು ಮುಂದೆ ನಡೆದಿದ್ದಳು. ಅರ್ಜುನ ಒಳಗೊಳಗೇ ಒಂದು ಉಪಾಯ ಹೂಡಿದ್ದ. ಮಧ್ಯಾಹ್ನ ಅರ್ಧ ದಿನದ ರಜೆ ಹಾಕಿ ಬಂದು, ಸಂಜೆಯೊಳಗೆ ಗೋಡೆ ತಿಕ್ಕಿ ತೊಳೆದು ಒಣಗಿಸಿಬಿಟ್ಟರೆ ನಿನ್ನೆಯ ಸುಳ್ಳು ತಾನಾಗಿಯೇ ಖರೆಯಾಗುತ್ತದೆ, ಯಾರ ಮುಂದೂ ಬಾಯಿ ಬಿಡುವ ಪ್ರಸಂಗ ಬರುವುದಿಲ್ಲ. ಇಡೀ ದಿನದ ರಜೆ ಹಾಕಲಿಲ್ಲ, ಯಾಕೆಂದರೆ ಬೆಳಗ್ಗೆ ಊರಲ್ಲಿದ್ದರೆ ಆಸ್ಪತ್ರೆಗೆ ಹೋಗಿ ಸಪ್ನಾಳ ಮುಖ ನೋಡಬೇಕಾಗುತ್ತಿತ್ತು.

ಗೋಡೆಯನ್ನು ಮುಚ್ಚಿದ್ದು ಅಪ್ಪ. ಅಂದರೆ ಅಪ್ಪನ ಫ್ಲೆಕ್ಸು. ಅಪ್ಪ ಯಲ್ಲಾರಿ ಸಂಕ್ರಾಂತಿ ಮುಗಿದ ವಾರದಲ್ಲಿ ತೀರಿಕೊಂಡಾಗ ಓಣಿಯ ಗೆಳೆಯರು ಸೇರಿ ಸರ್ಕಲ್ಲಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸು ಕಟ್ಟಿಸಿದ್ದರು. ಮೇಲಿನ ಮೂಲೆಗಳಲ್ಲಿ ಬುದ್ಧ, ಬಾಬಾಸಾಹೇಬ. ನಡುವೆ ರುಮಾಲು ಸುತ್ತಿದ ಅಪ್ಪನ ಮುಖ, ಮೊರದಷ್ಟು ಅಗಲ. ಕೆಳಗೆ ದುಃಖತಪ್ತರ ಸಾಲಿನಲ್ಲಿ ಚಿಕ್ಕ ಚಿಕ್ಕ ಮುಖಗಳು, ಅವುಗಳಲ್ಲಿ ಮೊದಲನೆಯದು ಅರ್ಜುನನದೇ, ಯಾವುದೋ ಮದುವೆಯಲ್ಲಿ ಕರಿ ಕನ್ನಡಕ ಹಾಕಿಕೊಂಡು ನಗುತ್ತಿದ್ದದ್ದು. ಕಾರ್ಯ ಮುಗಿದ ಮೇಲೆ ಅದನ್ನು ಬಿಚ್ಚಿ, ಸುರುಳಿ ಸುತ್ತಿ ಮನೆಗೆ ತಂದುಕೊಟ್ಟರು. ಬೇರೆ ಫ್ಲೆಕ್ಸಾಗಿದ್ದರೆ ಕಟ್ಟಿಗೆಯ ಒಟ್ಟಿಲಿಗೆ ಹೊದಿಸಬಹುದು, ಎಮ್ಮೆಯ ಕೊಟ್ಟಿಗೆಗೆ ಮರೆ ಕಟ್ಟಬಹುದು, ಜೋಳದ ರಾಶಿಯ ಕೆಳಗೆ ಹಾಸಬಹುದು. ಚುನಾವಣೆಗೆ ನಿಂತವರು, ಹುಟ್ಟುಹಬ್ಬ ಮಾಡಿಸಿಕೊಂಡವರು, ಎಲ್ಲರ ಮುಖವೂ ಕೊನೆಗೆ ಆ ಗತಿಗೇ ಬರುತ್ತದೆ. ಸತ್ತವರ ಮುಖವಿದ್ದದ್ದನ್ನು ಮಾತ್ರ ಮಳೆಗೆ ಹಾಕುವಂತಿಲ್ಲ, ತುಳಿಯುವಂತಿಲ್ಲ, ಸುಡುವಂತೆಯೂ ಇಲ್ಲ. ಅಟ್ಟ ಸೇರಿತು.

ಬೇಸಿಗೆಯಲ್ಲಿ ಸಪ್ನಾಳ ಸೀಮಂತದ ಕುಬಸ ಬಂತು. ಚೊಚ್ಚಲು ಬಸಿರು, ಮೂಡಲಗಿಯಿಂದ ಬೀಗರು ಟೆಂಪೊ ತುಂಬ ಬರುವವರು. ಅದಕ್ಕೂ ಹಿಂದಿನ ವರ್ಷ ಘಟಪ್ರಭೆ ಏರಿ ಓಣಿಗೆ ನೀರು ಬಂದಾಗ ಕುಡಿದ ನೀರನ್ನು ಒಳಖೋಲಿಯ ಗೋಡೆ ಇನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡಿತ್ತು. ಸೊಂಟದ ಎತ್ತರದವರೆಗೆ ಬಣ್ಣ ಹಪ್ಪಳದಂತೆ ಎದ್ದು, ಅದರ ಸಂದಿಯಲ್ಲಿ ಕರಿ, ಹಸಿರು ಚುಕ್ಕೆ. ಅರ್ಜುನ ಡಿಸ್ಟೆಂಪರ್ ಬಳಿಸಿದ, ಸ್ವಲ್ಪೇ ದಿನದಲ್ಲಿ ಚುಕ್ಕೆ ಅದನ್ನೂ ತೂರಿಕೊಂಡು ಮೇಲೆ ಬಂತು. ಕುಬಸದ ಹಿಂದಿನ ದಿನ ಅಟ್ಟದ ಫ್ಲೆಕ್ಸು ನೆನಪಾಯಿತು. ಗೋಡೆಗೆ ಮೊಳೆ ಹೊಡೆದು ಬಿಗಿದ. “ಮುಚ್ಚಿದ್ರ ಅದು ಒಣಗೂದು ಹ್ಯಾಂಗ್ರಿ? ಕೆರದು ಗಾಳಿಗೆ ಬಿಡೂಣು” ಎಂದ ಆಮ್ರಪಾಲಿಗೆ, “ಬೀಗರ ಮುಂದ ಗ್ವಾಡಿ ಕೆರಕೋತ ಕುಂದರಲೇನು?” ಎಂದು ಸಿಡುಕಿದ. ತಾಯಿ ಕಾಡವ್ವ, ಗಂಡ ಮನೆಯೊಳಗೆ ಬಂದು ನಿಂತಂತಾಯಿತೆಂದು ಕಣ್ಣೊರೆಸಿಕೊಂಡಳು. ಮರುದಿನ ಬೀಗಿತ್ತಿ ಕರೆವ್ವ ಆ ಖೋಲಿಗೆ ಕಾಲಿಟ್ಟವಳು ಅಪ್ಪನ ಮುಖದ ಮುಂದೆ ನಿಂತು ಸೆರಗನ್ನು ಮುಖಕ್ಕೆ ಒತ್ತಿಕೊಂಡಳು, ಹೊರಗೆ ಬರುವವರೆಗೂ ಇಳಿಸಲಿಲ್ಲ. ಕಾಡವ್ವನಿಗೆ ಅದು ಮನಸ್ಸಿನಲ್ಲಿ ನಿಂತುಬಿಟ್ಟಿತು. “ಹೊರಗಿನಾಕಿ ಇದ್ರೂ ಮುಖ ಕಂಡ ಕೂಡಲೆ ಹೆಂಗ ಅತ್ತಳು ನೋಡು. ನನ್ನ ಮಗಳಿಗೆ ಅಂಥಾ ಅತ್ತಿ ಸಿಕ್ಕಾಳ” ಎಂದು ಇವತ್ತಿಗೂ ಓಣಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳುತ್ತಾಳೆ.

ಬಸ್ಸು ಹಿಡಕಲ್ಲಿಗೆ ತಿರುಗುವ ದಾರಿಯ ಬಳಿ ನಿಂತಿತು. ಮೀನಿನ ಬುಟ್ಟಿಯವಳೊಬ್ಬಳು ಹತ್ತಿದಳು, ಅರ್ಜುನನ ಪಕ್ಕದವನು ಕರ್ಚೀಫು ತೆಗೆದು ಮೂಗಿಗೆ ಹಿಡಿದ. ಆ ಒಂದು ಸಣ್ಣ ಕ್ರಿಯೆಗೆ ಅರ್ಜುನನ ಮೈ ಎಷ್ಟು ಬೇಗ ಬಿಗಿಯಾಯಿತೆಂದರೆ ಆ ಕರ್ಚೀಫು ತನ್ನನ್ನು ಕಂಡೇ ಎದ್ದಂತಿತ್ತು. ಅಪ್ಪನ ನೌಕರಿ ಇದ್ದದ್ದು ಇಲ್ಲೇ, ಡ್ಯಾಮಿನ ಗೇಟುಗಳಿಗೆ ಗ್ರೀಸು ಹಚ್ಚುವ ಕೆಲಸ. ಕಾಲನಿಯ ಕೊನೆಯ ಸಾಲಿನ ಕೊನೆಯ ಮನೆ. ಪ್ರತಿ ಏಪ್ರಿಲ್ಲಿನಲ್ಲಿ ಬಾಬಾಸಾಹೇಬರ ಜಯಂತಿಗೆ ಮೊದಲು ಅಪ್ಪ ಮನೆಯ ಕಡೇ ಚಮಚದವರೆಗೆ ಅಂಗಳಕ್ಕೆ ಹೊರಿಸುತ್ತಿದ್ದ. ಸುಣ್ಣಕ್ಕೆ ಚೂರು ನೀಲಿ ಬೆರೆಸಿ ತಾನೇ ಬಳಿಯುತ್ತಿದ್ದ, ಮೂಲೆಗಳಿಗೆ ಬ್ರಷ್ಷು ಸಾಲದೆಂದು ಬೆರಳಿಗೆ ಬಟ್ಟೆ ಸುತ್ತಿ ಒತ್ತುತ್ತಿದ್ದ. ಮಕ್ಕಳು ಬೇಸತ್ತು ಓಡಿದರೆ ಕರೆದು ನಿಲ್ಲಿಸಿ, ಸಿಟ್ಟಿಲ್ಲದೆ, ಪಾಠ ಒಪ್ಪಿಸುವವನಂತೆ ಹೇಳುತ್ತಿದ್ದ: “ನಮ್ಮ ಮನಿಗೆ ಬಂದಾವ ಯಾವನೂ ಮೂಗ ಮುಚ್ಚಬಾರದು.” ಯಾಕೆ ಮುಚ್ಚುತ್ತಾರೆ ಎಂದು ಅರ್ಜುನ ಕೇಳಿರಲಿಲ್ಲ. ಗೊತ್ತಾದದ್ದು ನೌಕರಿಗೆ ಸೇರಿ ಹುಕ್ಕೇರಿಯಲ್ಲಿ ಬಾಡಿಗೆ ಮನೆ ಹುಡುಕಿದಾಗ. ಯಜಮಾನ ಊರು ಕೇಳಿದ, ಹೆಸರು ಕೇಳಿದ, ಅಪ್ಪನ ಹೆಸರು ಕೇಳಿದ, ಆಮೇಲೆ ನಗುತ್ತಲೇ, “ಮನಿ ಒಂದ ಸ್ವಚ್ಛ ಇಟಗೋಬೇಕ ನೋಡ್ರಿ ಮಾಸ್ತರ” ಎಂದ. ಅದೇ ದಿನ ಮಾಳಿಗೆಯ ಮನೆ ಹಿಡಿದ ಇನ್ನೊಬ್ಬ ಮಾಸ್ತರ ಬಾಜೂಕ್ಕೇ ನಿಂತಿದ್ದ. ಯಜಮಾನ ಅವನಿಗೆ ಆ ಮಾತು ಹೇಳಲಿಲ್ಲ. ಅರ್ಜುನನೂ ನಕ್ಕು ಹೂಂರಿ ಅಂದಿದ್ದ, ಆ ಮನೆಯಲ್ಲಿದ್ದಷ್ಟು ದಿನ ಮುಂಜಾನೆ ಸಂಜೆ ನೆಲ ಒರೆಸಿದ್ದ. ಡಾಕ್ಟರ ಮುಂದೆ ನಿನ್ನೆ ‘ಮನಿ ಸ್ವಚ್ಛ ಐತ್ರಿ’ ಎಂದವನು ಈ ಮಾಸ್ತರನೋ ಆ ಬಾಡಿಗೆದಾರನೋ, ಅವನಿಗೇ ತಿಳಿಯಲೊಲ್ಲದು.

ಸಾಲಿಯಲ್ಲಿ ಮೊದಲ ತಾಸೇ ವಿಜ್ಞಾನ. ಹೋದ ವಾರ ತಾನೇ ಮಕ್ಕಳಿಗೆ ಹೇಳಿ ಬ್ರೆಡ್ಡಿನ ಚೂರಿಗೆ ನೀರು ಚಿಮುಕಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಇಡಿಸಿದ್ದು ಅವನಿಗೆ ಮರೆತೇ ಹೋಗಿತ್ತು. ಮಕ್ಕಳಿಗೆ ಮರೆತಿರಲಿಲ್ಲ. ಡಬ್ಬಿ ಮೇಜಿನ ಮೇಲೆ ಕಾಯುತ್ತಿತ್ತು. ಒಳಗೆ ಬೂದಿಬಣ್ಣದ ಉಣ್ಣೆ, ಅದರ ತುದಿಗೆ ಸಾಸಿವೆಗಿಂತ ಸಣ್ಣ ಕರಿ ಗುಂಡು. ಮುಂದಿನ ಬೆಂಚಿನ ಪೂನಮ್ ಮುಚ್ಚಳಕ್ಕೆ ಕೈ ಹಾಕಿದಳು. “ತಗೀಬ್ಯಾಡ” ಎಂದ ಅರ್ಜುನ, ದನಿ ಏರಿತು. ಇಡೀ ವರ್ಗ ಬೆಚ್ಚಿ ನೋಡಿತು. ಅವನು ತಗ್ಗಿದ ದನಿಯಲ್ಲಿ, ತೆಗೆದರೆ ಅದರ ಬೀಜ ಗಾಳಿಗೆ ಹಾರುತ್ತದೆ, ಮೂಗಿನೊಳಗೆ ಎದೆಯೊಳಗೆ ಹೋಗುತ್ತದೆ, ಹೊರಗಿನಿಂದಲೇ ನೋಡಿ ಎಂದ. “ಸರ, ಮ್ಯಾಲಿಂದು ಒರಸಿ ತಗದ್ರ ಸಾಯತೈತೇನ್ರಿ?” ಎಂದಳು ಪೂನಮ್. “ಇಲ್ಲ. ಕಾಣೂದು ಮ್ಯಾಲಿಂದಷ್ಟ. ಬೇರು ಒಳಗ ಇರತಾವ. ನೀರು ಎಲ್ಲಿಂದ ಬರತೈತಿ ಅದನ್ನ ನಿಲ್ಲಸಬೇಕು.” “ಮತ್ತ ಹಿಂಗ ಮುಚ್ಚಿಟ್ರ ಸರ?” ಅವಳು ಕೇಳಿದ್ದು ಪರೀಕ್ಷೆಗೆ ಬರೆದುಕೊಳ್ಳಲು, ಪೆನ್ನು ಹಿಡಿದು ಕಾಯುತ್ತಿದ್ದಳು. ಮುಚ್ಚಿಟ್ಟರೆ ಬೆಳೆಯುತ್ತದೆ ಎಂದು ಹೇಳಿ ಅರ್ಜುನ ಬೋರ್ಡಿನ ಕಡೆ ತಿರುಗಿದ. ತನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ಅವನಿಗೆ ಉಳಿದಿರಲಿಲ್ಲ. ವರ್ಷಾ ವರ್ಷಾ ಕಲಿಸಿದ ಪಾಠ.

ಮನೆಗೆ ಬಂದಾಗ ಕಾಡವ್ವ ಒಲೆಯ ಮುಂದೆ ಆಸ್ಪತ್ರೆಗೆ ಒಯ್ಯಲು ಬಾಣಂತಿಯ ಖಾರದ ಸಾರು ಕುದಿಸುತ್ತಿದ್ದಳು. ಒಳಖೋಲಿಯನ್ನು ಆಗಲೇ ಸಜ್ಜು ಮಾಡಿದ್ದಳು. ಹೊರಸಿಗೆ ಕೌದಿ ಹಾಸಿದ್ದಳು, ಕೆಳಗೆ ಅಗ್ಗಿಷ್ಟಿಗೆ ತುಂಬಿ ಇಟ್ಟಿದ್ದಳು, ಕಿಟಕಿಯ ಸಂದಿಗೆ ಹಳೇ ಧೋತರದ ಚೂರು ತುರುಕಿದ್ದಳು. ಬಾಣಂತಿಗೆ ಗಾಳಿ ತಾಗಬಾರದು, ಕೂಸಿಗೆ ಅಜಿವಾಣದ ಕಾಳಿನ ಹೊಗೆ ಆಗಬೇಕು. ಬಾಗಿಲು ತೆರೆದ ಕೂಡಲೆ ಹೊಗೆಯ ವಾಸನೆಯ ಕೆಳಗಿನಿಂದ ಆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು, ನೆನೆದ ಗೋಣಿಯದು, ಹಳೇ ಬಾವಿಯದು. ಇಷ್ಟು ದಿನ ಅದು ಬಡಿದಿರಲಿಲ್ಲವೆಂದಲ್ಲ. ದಿನವೂ ಬಡಿದು ಬಡಿದು ಅದು ಮನೆಯ ವಾಸನೆಯೇ ಆಗಿಹೋಗಿತ್ತು. ಅಪ್ಪ ಗೋಡೆಯ ಮೇಲಿಂದ ನೋಡುತ್ತಿದ್ದ. ಅವನ ಗದ್ದದ ಕೆಳಗೆ ಫ್ಲೆಕ್ಸು ಉಬ್ಬಿ, ದುಃಖತಪ್ತರ ಸಾಲು ಡೊಂಕಾಗಿತ್ತು.

“ಇದನ್ನ ಇಳಸತೀನಿ ಯವ್ವಾ.”

ಕಾಡವ್ವ ಸೌಟು ಹಿಡಿದೇ ಬಂದಳು. “ವರ್ಷದ ಕಾರ್ಯ ಆಗೂಮಟಾ ನಿಮ್ಮಪ್ಪನ್ನ ಇಳಸಬ್ಯಾಡ. ಏರಿಸಿದಾವನೂ ನೀನ, ಇಳಸಾವನೂ ನೀನ?”

“ಕೂಸಿಗೆ ಉಸರ ಸಿಗವಲ್ದು.”

“ಕೂಸಿಗೆ ಗಾಳಿ ಬಡದೈತಿ. ಗ್ವಾಡಿ ಏನ ಮಾಡತೈತಿ ಅದಕ? ಎಲ್ಲಾರ ಮನ್ಯಾಗೂ ಗ್ವಾಡಿ ಅದಾವ.”

ಕರೋನಾ ಕಾಲದಲ್ಲಿ ಸಾಲಿಯಲ್ಲಿ ಕೊಟ್ಟ ದಪ್ಪ ಮಾಸ್ಕು ಕಪಾಟಿನಲ್ಲಿತ್ತು, ಅರ್ಜುನ ಅದನ್ನು ಹಾಕಿಕೊಂಡ. ತಾಯಿಗೆ ಇನ್ನೊಂದು ಕೊಡಲು ಹೋದರೆ ಅವಳು ಕೈ ಹಿಂದಕ್ಕೆಳೆದಳು. ಕಿಟಕಿಯ ಧೋತರದ ಚೂರು ಕಿತ್ತು ಬಾಗಿಲನ್ನು ಪೂರ್ತಿ ತೆರೆದ, ಹೊರಸನ್ನು ಹೊರಗೆಳೆದ. ಕೌದಿಯ ಗೋಡೆಯ ಕಡೆಯ ಅಂಚಿಗೆ ಮೆಣಸಿನ ಪುಡಿ ಉದುರಿದಂತೆ ಚುಕ್ಕೆಗಳಿದ್ದವು. ಅದನ್ನು ಝಾಡಿಸದೆ ಮಡಿಚಿ ಚೀಲಕ್ಕೆ ತುರುಕಿದ. ಆಮೇಲೆ ಇಕ್ಕಳದಿಂದ ಮೊಳೆ ಕಿತ್ತ. ಮೇಲಿನ ಮೊಳೆಗಳು ಬಿಟ್ಟ ಕೂಡಲೆ ಫ್ಲೆಕ್ಸು ತನ್ನ ಭಾರಕ್ಕೆ ತಾನೇ ಬಗ್ಗಿ ಬಂತು. ಅಪ್ಪನ ಮುಖ ನೆಲದ ಕಡೆ ಆಯಿತು, ಬೆನ್ನು ಮೇಲೆ ಬಂತು.

ಬಿಳಿಯಾಗಿರಬೇಕಿದ್ದ ಬೆನ್ನು ಅಂಚಿನಿಂದ ಅಂಚಿಗೆ ಕರ್ರಗಾಗಿತ್ತು. ಗೋಡೆಯಂತೂ ಗೋಡೆಯಾಗಿ ಉಳಿದಿರಲಿಲ್ಲ. ಮೊದಲು ಸೊಂಟದ ಎತ್ತರಕ್ಕಿದ್ದದ್ದು ಈಗ ತಲೆಯನ್ನು ದಾಟಿತ್ತು. ಫ್ಲೆಕ್ಸು ಎಲ್ಲಿಯವರೆಗೆ ಮುಚ್ಚಿತ್ತೋ ಅಲ್ಲಿಯವರೆಗೆ, ಗೆರೆ ಹೊಡೆದು ಬಿತ್ತಿದಂತೆ, ಕರಿ, ಹಸಿರು, ಅಲ್ಲಲ್ಲಿ ಬಿಳಿ ತುಪ್ಪಟ. ಆ ಗೆರೆಯ ಆಚೆ ಗೋಡೆ ಬರೀ ಹಳದಿಯಾಗಿತ್ತು, ಅಷ್ಟೇ. ಆಮ್ರಪಾಲಿ ಹೇಳಿದಂತೆ ಗಾಳಿಗೆ ಬಿಟ್ಟಿದ್ದರೆ ಎಲ್ಲ ಅಷ್ಟಕ್ಕೇ ನಿಲ್ಲುತ್ತಿತ್ತು. ಅರ್ಜುನನಿಗೆ ಅಳು ಬಂತು, ಮಾಸ್ಕಿನೊಳಗೆ ಮೂಗು ಒದ್ದೆಯಾಯಿತು. ಹೊರಸಿನ ತಲೆದೆಸೆ ಇದ್ದ ಜಾಗ ಎಲ್ಲಕ್ಕಿಂತ ಕಪ್ಪಾಗಿತ್ತು. ಅಲ್ಲಿಯೇ ಕೂಸಿನ ತಲೆ ಇರುತ್ತಿತ್ತು. ಅದಕ್ಕೂ ಮೊದಲು, ನೀರು ಬಂದು ಹೋದ ಮಳೆಗಾಲದಿಂದ ಸಂಕ್ರಾಂತಿಯವರೆಗೆ, ಅಲ್ಲಿ ಅಪ್ಪನ ತಲೆ ಇತ್ತು. ಅಪ್ಪ ಕೆಮ್ಮುತ್ತಿದ್ದ. ಬೀಡಿಯ ಕೆಮ್ಮು ಎಂದು ಎಲ್ಲರೂ ಅಂದರು, ಅಪ್ಪನೂ ಅಂದ, ಬೀಡಿ ಬಿಟ್ಟು ವರ್ಷಗಳೇ ಆಗಿದ್ದವು. ಅರ್ಜುನ ಅದಕ್ಕಿಂತ ಮುಂದೆ ಯೋಚಿಸಲಿಲ್ಲ. ತಿರುಗಿ ನೋಡಿದರೆ ಕಾಡವ್ವ ಬಾಗಿಲಲ್ಲಿ ಗೋಡೆಯನ್ನೇ ನೋಡುತ್ತ ನಿಂತಿದ್ದಳು, ಸೌಟಿನಿಂದ ಸಾರು ಹೊಸಿಲ ಮೇಲೆ ತೊಟ್ಟಿಕ್ಕುತ್ತಿತ್ತು.

ಆಮೇಲೆ ಅವಳಿಗೆ ಎಲ್ಲಿಂದ ಬಂತೋ ಆ ಬಿರುಸು. ಕಸಬರಿಗೆ ತಂದು ಗೋಡೆಯನ್ನು ಬರಬರನೆ ಗುಡಿಸತೊಡಗಿದಳು. ಕರಿ ಧೂಳು ಎದ್ದು ಬಿಸಿಲಿ​ನ ಕೋಲಿನಲ್ಲಿ ಸುತ್ತತೊಡಗಿತು. “ಒಣಾದು ಗುಡಸಬ್ಯಾಡ ಯವ್ವಾ, ಹಾರತೈತಿ, ಎದ್ಯಾಗ ಹೋಗತೈತಿ” ಎಂದು ಅರ್ಜುನ ಕಸಬರಿಗೆ ಕಸಿದುಕೊಂಡ. ಸಾಬೂನಿನ ನೀರು ಕಲಸಿ ಬಟ್ಟೆಯಿಂದ ಗೋಡೆಗೆ ಹಿಂಡಿದ, ನೆನೆಸಿ ನೆನೆಸಿ ಮೆಲ್ಲಗೆ ತಿಕ್ಕಿದ. ಕಾಡವ್ವ ಸುಮ್ಮನೆ ಕೂಡಲಾರದೆ ಹಿತ್ತಿಲಿಂದ ಬಕೀಟು ತಂದಳು. ಬಕೀಟಿನಲ್ಲಿ ಬ್ಲೀಚಿಂಗ್ ಪುಡಿ, ಕಂಕುಳಲ್ಲಿ ಪಾಯಖಾನೆ ತೊಳೆಯುವ ಆಸಿಡ್ಡಿನ ಬಾಟ್ಲಿ, ಅದರ ಮುಚ್ಚಳ ಆಗಲೇ ತಿರುವಿದ್ದಳು. ಎರಡೂ ಕೂಡಿದರೆ ಜೋರಾಗಿ ಕೆಲಸ ಮಾಡುತ್ತದೆ ಎಂಬುದು ಅವಳ ಎಣಿಕೆ. ಅರ್ಜುನ ಬಾಟ್ಲಿ ಹಿಡಿದುಕೊಂಡ. “ಇವೆರಡೂ ಕೂಡಸಿದ್ರ ವಿಷದ ಹೊಗಿ ಏಳತೈತಿ. ಮುಚ್ಚಿದ ಖೋಲ್ಯಾಗ ಮನಷ್ಯಾರು ಸಾಯತಾರ.” ಕಾಡವ್ವ ಬಾಟ್ಲಿಯನ್ನೂ ಮಗನನ್ನೂ ನೋಡಿದಳು. “ಇಷ್ಟೆಲ್ಲಾ ಗೊತ್ತಿದ್ದಾವ” ಎಂದಳು, ಮಾತು ಅಲ್ಲಿಗೇ ಬಿಟ್ಟಳು.

ತಿಕ್ಕುತ್ತ ಹೋದಂತೆ ಗಿಲಾವು ಕೈಗೆ ಬಂತು. ಮೊದಲು ಅಂಗೈಯಷ್ಟು, ಆಮೇಲೆ ತಟ್ಟೆಯಷ್ಟು, ಆಮೇಲೆ ಇಡೀ ಹೋಳು ಕಳಚಿ ಬಿದ್ದು ಒಳಗಿನ ಇಟ್ಟಿಗೆ ಕಂಡಿತು. ಬೆರಳೊತ್ತಿದರೆ ಇಟ್ಟಿಗೆ ತಣ್ಣಗೆ ಒದ್ದೆ, ಸಂದಿನಲ್ಲೂ ಕಪ್ಪು. ನೀರು ಬುನಾದಿಯಿಂದ ಏರುತ್ತಿತ್ತು. ಈ ಗೋಡೆಯನ್ನು ಪೂರ್ತಿ ಕೆಡವಿ, ಬೇಸಿಗೆಯುದ್ದಕ್ಕೂ ಒಣಗಲು ಬಿಡಬೇಕು. ಸಂಜೆಯೊಳಗೆ ಸುಳ್ಳನ್ನು ಖರೆ ಮಾಡುವ ಅವನ ಹಂಚಿಕೆ ನೆಲದ ಮೇಲೆ ಹೋಳು ಹೋಳಾಗಿ ಬಿದ್ದಿತ್ತು. ಅವನ ಎದೆಯೂ ಬಿಗಿಯತೊಡಗಿತ್ತು, ಮಾಸ್ಕಿದ್ದರೂ ಗಂಟಲು ಕೆರೆಯುತ್ತಿತ್ತು. ದೊಡ್ಡವನಿಗೇ ಹೀಗಾದರೆ, ಹಿಡಿಯಷ್ಟು ಎದೆಯ ಕೂಸಿಗೆ ಹೇಗಾಗಿರಬೇಡ. ಒಂದು ಗಳಿಗೆ ಇನ್ನೊಂದು ಯೋಚನೆ ಬಂತು: ಕೂಸನ್ನು ಪಡಸಾಲೆಯಲ್ಲಿ ಮಲಗಿಸಿದರಾಯಿತು, ಈ ಬಾಗಿಲಿಗೆ ಚಿಲಕ ಹಾಕಿದರಾಯಿತು, ಯಾರಿಗೆ ಗೊತ್ತಾಗುತ್ತದೆ. ತನ್ನ ಮನಸ್ಸು ಇನ್ನೂ ಮುಚ್ಚಲು ಜಾಗ ಹುಡುಕುತ್ತಿರುವುದನ್ನು ಕಂಡು ಅವನಿಗೆ ಹೇಸಿಗೆ ಆಯಿತು. ಫ್ಲೆಕ್ಸನ್ನು ಹಿತ್ತಿಲಿಗೆ ಎಳೆದು ಹಾಕಿ, ಸ್ನಾನ ಮಾಡಿ ಬೇರೆ ಬಟ್ಟೆ ಉಟ್ಟ. ಕಾಡವ್ವ ಕೈಕಾಲು ತೊಳೆದು, ಉಟ್ಟ ಸೀರೆಯಲ್ಲೇ ಸಾರಿನ ಡಬ್ಬಿ ಹಿಡಿದು ಅವನ ಜೊತೆ ಆಟೋ ಹತ್ತಿದಳು. ಹಿತ್ತಿಲಲ್ಲಿ ಅಪ್ಪ ಮುಖ ಮೇಲಾಗಿ ಮಲಗಿದ್ದ. ಮೋಡ ಕವಿಯುತ್ತಿತ್ತು.

ಆಸ್ಪತ್ರೆಯಲ್ಲಿ ಲಖನ ಆಗಲೇ ಚೀಲ ಕಟ್ಟಿ ಇಟ್ಟಿದ್ದ. ಕೂಸಿಗೆ ಟೊಪ್ಪಿಗೆ ಹಾಕಿ, ಸಪ್ನಾ ತನ್ನ ಕಿವಿಗೆ ಸ್ಕಾರ್ಫು ಸುತ್ತಿಕೊಂಡು ಹೊರಡಲು ಸಿದ್ಧಳಾಗಿ ಕೂತಿದ್ದಳು. ಪಕ್ಕದಲ್ಲಿ ಕರೆವ್ವ ಕೂಸಿನ ಅಂಗಾಲು ಸವರುತ್ತಿದ್ದಳು. ಡಾಕ್ಟರು ಬಂದು ಎದೆ ನೋಡಿ, “ತಿಳಿ ಆಗೈತಿ. ಒಯ್ರಿ” ಎಂದರು.

“ಡಾಕ್ಟರ್ರ” ಎಂದ ಅರ್ಜುನ. ದನಿ ತನ್ನದಲ್ಲವೆನ್ನಿಸಿತು. “ನಿನ್ನೆ ನಾ ಸುಳ್ಳ ಹೇಳಿದ್ನಿ. ಬಾಣಂತಿ ಖೋಲಿ ಗ್ವಾಡಿ ತುಂಬ ಬೂಷ್ಟ ಐತ್ರಿ. ಕೂಸ ಹುಟ್ಟಿದಾಗಿಂದ ಅಲ್ಲೇ ಮಲಗೈತಿ. ನನಗ ಮೊದಲಿಂದ ಗೊತ್ತಿತ್ತು.”

ಡಾಕ್ಟರು ಬೈಯಲಿಲ್ಲ. ಕನ್ನಡಕ ತೆಗೆದು ಅವನನ್ನು ನೋಡಿದರು. “ನೀವು ಸಾಲಿ ಮಾಸ್ತರಲ್ಲೇನ್ರಿ” ಎಂದರು, ಕೇಳಿದಂತೆಯೂ ಅಲ್ಲ, ಹೇಳಿದಂತೆಯೂ ಅಲ್ಲ. ಆಮೇಲೆ ಎಲ್ಲರಿಗೂ ಸೇರಿಸಿ, “ಆ ಮನಿಗೆ ಈ ಕೂಸ ಹೋಗಬಾರದು. ಗಿಲಾವ ಒಡಸ್ರಿ, ಪೂರಾ ಒಣಗೂಮಟಾ ಅಲ್ಲಿ ಯಾರೂ ಮಲಗಬ್ಯಾಡ್ರಿ. ಇದರ ಎದಿ ಈಗ ನಾಜೂಕ ಆಗೈತಿ. ದೊಡ್ಡದಾದ್ರೂ ಥಂಡಿ ಬಂದಾಗೊಮ್ಮೆ ಹಿಂಗ ಕಾಡಬಹುದು. ಇವತ್ತ ಇಲ್ಲೇ ಇರಲಿ, ನಾಳೆ ಸೀದಾ ಮೂಡಲಗಿಗೆ ಒಯ್ರಿ” ಎಂದು ಹೊರಟರು. ಸಪ್ನಾ ಸ್ಕಾರ್ಫನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಅದರ ಅಂಚನ್ನು ಮಡಿಚುತ್ತ ಕೂತಳು, ಅಣ್ಣನ ಕಡೆ ನೋಡಲಿಲ್ಲ.

ಅರ್ಜುನ ಲಖನನ ಸಿಟ್ಟಿಗೆ ಕಾಯುತ್ತ ನಿಂತ. ಬೈದರೆ ಸಾಕಾಗಿತ್ತು, ಎರಡೇಟು ಹಾಕಿದರೂ ಸಾಕಾಗಿತ್ತು. ಲಖನ ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ, ಬಹಳ ಮರ್ಯಾದೆಯಿಂದ, “ನಮಗೂ ಗೊತ್ತಿತ್ರಿ ಭಾವಾರ” ಎಂದ. “ಕುಬಸದ ದಿನಾನ ಅವ್ವಗ ವಾಸನಿ ಬಡದಿತ್ತು. ಆ ಖೋಲ್ಯಾಗ ಬಾಣಂತನ ಬ್ಯಾಡ, ಒಂದ ಮಾತ ಹೇಳು ಅಂದಿದ್ಲು. ನಾನ ಹೇಳಲಿಲ್ಲ. ಹೇಳಿದ್ರ ನಿಮಗ ಅಪಮಾನ ಆದೀತು, ತವರಮನಿಗೆ ಹೆಸರ ಇಟ್ಟಂಗ ಆದೀತು ಅಂತ ಸುಮ್ನಾದ್ನಿ. ನಿನ್ನೆ ನೀವು ಇಲ್ಲ ಅಂದಾಗನೂ ಬಾಯಿ ತನಕಾ ಬಂದಿತ್ತು.”

ಎಲ್ಲರೂ ಒಬ್ಬರ ಮಾನ ಒಬ್ಬರು ಉಳಿಸುತ್ತ ಹೋಗಿದ್ದರು, ಕೂಸು ಆ ಗೋಡೆಯ ಪಕ್ಕದಲ್ಲಿ ಉಸಿರಾಡುತ್ತಿತ್ತು. ಅರ್ಜುನ ಮಂಚದ ಕಬ್ಬಿಣ ಹಿಡಿದುಕೊಂಡ. ಆಗ ಕಾಡವ್ವ, ಸಾರಿನ ಡಬ್ಬಿಯನ್ನು ಇನ್ನೂ ಕೆಳಗಿಡದೆ, ನಿಧಾನವಾಗಿ ಕೇಳಿದಳು:

“ಬೀಗತೇರ, ಆವತ್ತ ನಮ್ಮ ಮನಿಯವರ ಮುಖದ ಮುಂದ ಶೆರಗ ಹಿಡಕೊಂಡ ನಿಂತಿದ್ರೆಲ್ಲ. ನೀವು ಅತ್ತಿದ್ದಲ್ಲೇನ್ರಿ?”

ಕರೆವ್ವನ ಕೈ ಕೂಸಿನ ಅಂಗಾಲ ಮೇಲೆ ನಿಂತಿತು. ಅವಳು ಒಳ್ಳೆಯ ಹೆಂಗಸು. ಇನ್ನೊಂದು ಸುಳ್ಳು ಹೇಳಬಹುದಿತ್ತು, ಹೇಳಲು ನೋಡಿದಳು, ಆಗಲಿಲ್ಲ. “ತಡಕೊಳ್ಳಾಕ ಆಗಲಿಲ್ರಿ” ಎಂದಳು. “ಮೂಗ ಮುಚಗೊಂಡ್ನಿ. ಅಳಾಕತ್ತಾಳ ಅಂತ ನೀವ ತಿಳಕೊಂಡ್ರಿ. ನಾನೂ ಹಂಗ ಬಿಟ್ನಿ.”

ಕಾಡವ್ವ ಡಬ್ಬಿಯನ್ನು ಮಂಚದ ಕಾಲ ಬಳಿ ಇಟ್ಟಳು. ಅವಳ ಸೀರೆಗೆ ಆ ಗೋಡೆಯ ವಾಸನೆ ಹತ್ತಿಕೊಂಡಿತ್ತು, ಅವಳಿಗೇ ಅದು ಬಡಿದಿರಬೇಕು. ಸೆರಗನ್ನು ಎತ್ತಿ ಮೂಸಿ ನೋಡಿಕೊಂಡಳು. ಆಮೇಲೆ ಕೂಸಿನ ಮಂಚದಿಂದ ಹಿಂದೆ ಹಿಂದೆ ಸರಿದು, ಯಾರನ್ನೂ ಮುಟ್ಟದಂತೆ ಸೀರೆಯನ್ನು ಒತ್ತಿ ಹಿಡಿದುಕೊಂಡು, ಬಾಗಿಲ ಹೊರಗೆ ಹೋಗಿ ನಿಂತಳು.